ಮಗನ ಗಳಿಕೆ, ತಂದೆಯ ಕೈ

ಗದಗ ತಾಲೂಕಿನ ಸೊರಟೂರ ಎಂದೊಡನೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಒಂದು ಕಾಳಗ. ಕಲ್ಯಾಣದ ಚಾಲುಕ್ಯರ ಪ್ರತಾಪ ಇಳಿದುಹೋಗಿ, ಅವರ ನಾಡನ್ನು ಬಡಗಣದಿಂದ ಸೇವುಣರೂ ತೆಂಕಣದಿಂದ ಹೊಯ್ಸಳರೂ ತಮ್ಮದಾಗಿಸಿಕೊಳ್ಳಲು ಹವಣಿಸುತ್ತಿದ್ದ ಕಾಲವದು. 1190-91ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಇಲ್ಲಿ ಕಾದಿದರು. ಭಿಲ್ಲಮ ಸೋತ. ಬಲ್ಲಾಳ ಮುಂದುವರಿದು ಲೊಕ್ಕಿಗುಂಡಿಯನ್ನು, ಎಂದರೆ ಇಂದಿನ ಲಕ್ಕುಂಡಿಯನ್ನು, ಹಿಡಿದ. ಗದಗಿನಲ್ಲಿ ದೊರೆತ ಅವನ 1192ರ ಶಾಸನ ಈ ಗೆಲುವಿನ ಬಿಸಿ ಆರುವ ಮೊದಲೇ ಬರೆಸಿದ್ದು.

ಆ ಕಾಳಗದ ನೆಲವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿಂದ ನಾನೂ ಗೆಳೆಯರೊಬ್ಬರೂ ಸೊರಟೂರಿಗೆ ಹೋಗಿದ್ದೆವು. ಕಾಳಗದ ಗುರುತು ಅಲ್ಲಿ ಏನಿದ್ದೀತು? ಕರಿ ಎರೆಹೊಲ, ಕೊಯ್ಲಾದ ಜೋಳದ ಕೂಳೆ, ಮೇಯುವ ದನ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕುಳಿತೆವು. ಅಲ್ಲಿ ಬೇರೊಂದು ಕಾಳಗ ನಡೆದಿತ್ತು.

ಹದಿನಾರರ ಹುಡುಗನೊಬ್ಬ ಗದಗಿನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ತಿಂಗಳ ಪಗಾರವನ್ನು ಅಂಗಡಿಯವರು ಅವನ ಕೈಗೆ ಕೊಡದೆ ತಂದೆಯ ಕೈಗೇ ಕೊಡುತ್ತಿದ್ದರು. ಹುಡುಗನಿಗೆ ಐ.ಟಿ.ಐ. ಸೇರುವ ಮನಸ್ಸು. ಅದಕ್ಕೆ ಹಣ ಬೇಕು. ತಂದೆಗೆ ಹಿರಿಯ ಮಗಳ ಮದುವೆಯ ಸಾಲ ತೀರಿಸಬೇಕು. ಅದಕ್ಕೂ ಹಣ ಬೇಕು.

“ದುಡದಂವಾ ನಾನು. ರೊಕ್ಕ ಕೇಳಿದ್ರ ಬೈಸ್ಕೋಬೇಕು,” ಎಂದ ಹುಡುಗ.

“ಅಂವ ಯಾರ ಮಗಾರೀ? ನನ್ನ ಮಗಾ. ಅಂದಮ್ಯಾಲ ಅವನ ಪಗಾರ ಯಾರದು?” ಎಂದು ತಂದೆ ನಮ್ಮನ್ನೇ ಕೇಳಿದ. ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ಮಾತನ್ನೂ ಸೇರಿಸಿದರು: “ಸಣ್ಣಂವಿದ್ದಾಗಿಂದ ಹಾಕಿದ ಕೂಳಿನ ಲೆಕ್ಕಾ ಹಚ್ಚಿದ್ರ, ಇಂವ ಜನ್ಮಪೂರ್ತಿ ದುಡದ್ರೂ ತೀರೂದಿಲ್ಲ ತಗೋ.”

ಕಟ್ಟೆಯ ಮೇಲಿನ ಈ ಮೂರು ಮಾತುಗಳಲ್ಲಿ ಕಾಯಿದೆಯ ಮೂರು ವಾದಗಳೂ ಅಡಗಿವೆ. ದುಡಿದವನದು ದುಡಿಮೆ ಎಂಬುದೊಂದು; ಮಗನೇ ನನ್ನವನಾದ ಮೇಲೆ ಅವನ ಗಳಿಕೆಯೂ ನನ್ನದೆಂಬುದೊಂದು; ಸಾಕಿದ ಖರ್ಚು ಸಾಲವಿದ್ದಂತೆ, ಅದಕ್ಕೆ ಗಳಿಕೆ ಜಮೆಯಾಗಬೇಕೆಂಬುದು ಮತ್ತೊಂದು. ಓದುಗರಲ್ಲಿ ಅನೇಕರು ತಮ್ಮ ಮನೆಯಲ್ಲಿಯೂ ಈ ಮೂರನ್ನು ಕೇಳಿರಬಹುದು. ಮನೆಯ ಜಗುಲಿಯಲ್ಲಿ ಇದು ಸಿಟ್ಟು, ಕಣ್ಣೀರುಗಳಲ್ಲಿ ಮುಗಿಯುತ್ತದೆ. ನ್ಯಾಯಶಾಸ್ತ್ರದಲ್ಲಿ ಮಾತ್ರ ಇದಕ್ಕೆ ಬಹಳ ಉದ್ದದ ಚರಿತ್ರೆಯಿದೆ. ಆ ಚರಿತ್ರೆಯ ಮುಖ್ಯವಾದ ಒಂದು ಅಧ್ಯಾಯವನ್ನು ಬರೆದವನು ಕನ್ನಡನಾಡಿನಲ್ಲಿಯೇ ಕುಳಿತು ಬರೆದನೆಂಬುದು ನಮಗೆ ಹೆಮ್ಮೆಯ ಸಂಗತಿ.

ಮೊದಲು ತಂದೆಯ ವಾದವನ್ನು ನೋಡೋಣ. ಅದು ಹೊಸದಲ್ಲ. ಹೆಂಡತಿ, ಮಗ, ದಾಸ ಈ ಮೂವರೂ ಧನವಿಲ್ಲದವರು. ಅವರು ಗಳಿಸಿದ್ದೆಲ್ಲ ಅವರು ಯಾರವರೋ ಅವರಿಗೆ ಸೇರತಕ್ಕದ್ದು ಎಂಬ ಅರ್ಥದ ಮಾತು ಮನುಸ್ಮೃತಿಯಲ್ಲಿದೆ. ಸೊರಟೂರಿನ ಆ ತಂದೆ ಮನುವನ್ನು ಓದಿದವನಲ್ಲ. ಆದರೂ ಅವನ ಬಾಯಲ್ಲಿ ಬಂದದ್ದು ಅದೇ. ನಾರದಸ್ಮೃತಿ ವಯಸ್ಸಿನ ಲೆಕ್ಕವನ್ನೂ ಕೊಡುತ್ತದೆ. ಎಂಟು ವರ್ಷದವರೆಗೆ ಮಗು ಗರ್ಭದಲ್ಲಿದ್ದಂತೆ, ಹದಿನಾರರವರೆಗೆ ಬಾಲ, ಅಲ್ಲಿಂದ ಮುಂದೆ ವ್ಯವಹಾರಕ್ಕೆ ಅರ್ಹ. ಆದರೆ ಅದಕ್ಕೊಂದು ಕೊಕ್ಕೆ ಇದೆ: ತಂದೆತಾಯಿ ಇಲ್ಲದಿದ್ದರೆ ಮಾತ್ರ ಅವನು ಸ್ವತಂತ್ರ. ಅವರು ಬದುಕಿರುವ ತನಕ ಮಗ ಮುದುಕನಾದರೂ ಪರತಂತ್ರನೇ.

ಇಷ್ಟನ್ನೇ ಓದಿದರೆ ಹುಡುಗನ ಕಥೆ ಮುಗಿದಂತೆಯೇ. ಆದರೆ ನಮ್ಮ ಟೀಕಾಕಾರರು ಸ್ಮೃತಿಯ ಮಾತನ್ನು ಇದ್ದಂತೆ ನುಂಗಿದವರಲ್ಲ. ಮೇಧಾತಿಥಿ ಮೊದಲಾದವರು ಮನುವಿನ ಮಾತಿಗೆ ಬೇರೆ ಅರ್ಥ ಹೇಳಿದರು. ‘ಧನವಿಲ್ಲದವರು’ ಎಂದರೆ ಒಡೆತನವೇ ಇಲ್ಲವೆಂದಲ್ಲ. ಇದ್ದ ಧನವನ್ನು ತಮ್ಮ ಮನಸ್ಸಿಗೆ ಬಂದಂತೆ ವೆಚ್ಚ ಮಾಡುವ ಸ್ವಾತಂತ್ರ್ಯವಿಲ್ಲವೆಂದು. ಮೇಲುನೋಟಕ್ಕೆ ಇದು ಕೂದಲು ಸೀಳುವ ವಾದದಂತೆ ಕಾಣಬಹುದು. ಆದರೆ ಇಡೀ ವಿಷಯದ ಕೀಲಿ ಇದರಲ್ಲಿಯೇ ಇದೆ. ಹಣ ಯಾರದು ಎಂಬುದು ಒಂದು ಪ್ರಶ್ನೆ. ಹಣದ ಮೇಲೆ ಯಾರ ಕೈ ಇರಬೇಕು ಎಂಬುದು ಇನ್ನೊಂದು. ಮನೆಯಲ್ಲಿ ಈ ಎರಡೂ ಕಲೆತುಹೋಗುತ್ತವೆ. ಕಾಯಿದೆಯ ಕೆಲಸವೆಲ್ಲ ಇವನ್ನು ಬೇರ್ಪಡಿಸುವುದೇ ಆಗಿದೆ.

ಇನ್ನು ಮುದುಕರ ವಾದ: ಹಾಕಿದ ಕೂಳಿನ ಲೆಕ್ಕ. ಇದನ್ನು ತೂಗಿ ನೋಡಿದವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನಿದ್ದ. ಸೊರಟೂರಿನ ಸುತ್ತಣ ನಾಡೂ ಆಗ ಅದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ಬಂಗಾಲವೊಂದನ್ನು ಬಿಟ್ಟು ಹೆಚ್ಚುಕಡಿಮೆ ಭರತಖಂಡದ ಹಿಂದುಗಳಿಗೆಲ್ಲ ಆಸ್ತಿಯ ಕಾಯಿದೆಯಾಗಿ ನಿಂತಿತು. ಅರಸರು ಹೋದರು, ಅರಮನೆಗಳು ಹೋದವು; ಕಲ್ಯಾಣದ ಈ ಒಂದು ಪುಸ್ತಕ ಮಾತ್ರ ಎಂಟುನೂರು ವರ್ಷಗಳ ಮೇಲೆಯೂ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ಸಾಕ್ಷಿ ಹೇಳುತ್ತಿತ್ತು.

ಯಾಜ್ಞವಲ್ಕ್ಯನ ನಿಯಮವೇನೆಂದರೆ, ತಂದೆಯ ಧನಕ್ಕೆ ನಷ್ಟ ತಾರದೆ ತಾನೇ ಗಳಿಸಿದ್ದು, ಗೆಳೆಯನಿಂದ ಬಂದದ್ದು, ಮದುವೆಯಲ್ಲಿ ಬಂದದ್ದು ಇವುಗಳಲ್ಲಿ ದಾಯಾದಿಗಳಿಗೆ ಪಾಲಿಲ್ಲ. ವಿದ್ಯೆಯಿಂದ ಗಳಿಸಿದ್ದಕ್ಕೂ ಹಾಗೆಯೇ. ಇಲ್ಲಿ ‘ತಂದೆಯ ಧನಕ್ಕೆ ನಷ್ಟ ತಾರದೆ’ ಎಂಬ ಮಾತು ಮೊದಲನೆಯದಕ್ಕೆ ಮಾತ್ರವೇ, ಎಲ್ಲಕ್ಕೂ ಸೇರಬೇಕೇ? ಎಲ್ಲಕ್ಕೂ ಸೇರಬೇಕೆಂದು ವಿಜ್ಞಾನೇಶ್ವರ ಗಟ್ಟಿಯಾಗಿ ಹೇಳಿದ. ಹಾಗಾದರೆ ಮನೆಯ ಹಣದಿಂದ ಕಲಿತ ವಿದ್ಯೆಯ ಗಳಿಕೆ ಕಲಿತವನೊಬ್ಬನದೇ ಅಲ್ಲ, ಮನೆಯವರೆಲ್ಲರದೂ ಆಯಿತು. ಗಳಿಸಿದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವನಿಗೆ ಎರಡು ಪಾಲು ಕೊಡುವ ಮಾತೂ ಶಾಸ್ತ್ರದಲ್ಲಿದೆ.

ಸೊರಟೂರಿನ ಕಾಳಗಕ್ಕೂ ಇದಕ್ಕೂ ಸಂಬಂಧ ಹತ್ತುವುದು ಇಲ್ಲಿಯೇ. ವಿದ್ಯಾಧನದಂತೆ ಶೌರ್ಯಧನವೆಂಬುದೊಂದಿತ್ತು. ಜೀವದ ಹಂಗು ತೊರೆದು ಕಾದಿ ಒಡೆಯನಿಂದ ಪಡೆದದ್ದು ಕಾದಿದವನದೇ. ಆದರೆ ಮನೆಯ ಆಯುಧ, ಮನೆಯ ವಾಹನ ಹಿಡಿದು ಹೋಗಿ ಗಳಿಸಿದ್ದರೆ ಒಡಹುಟ್ಟಿದವರಿಗೂ ಭಾಗವುಂಟು. ಗಳಿಸಿದವನಿಗೆ ಎರಡು ಪಾಲು. ಬಲ್ಲಾಳನ ದಂಡಿನಲ್ಲಿ ಹದಿನಾರು ಹದಿನೇಳರ ಹುಡುಗನೊಬ್ಬ ಇದ್ದನೆನ್ನಿ. ಅವನು ತಂದೆಯ ಕುದುರೆಯೇರಿ ಹೋಗಿದ್ದರೆ ಪಡೆದ ಉಡುಗೊರೆಯಲ್ಲಿ ಮನೆಗೆ ಪಾಲು. ದೊರೆಯೇ ಕೊಟ್ಟ ಕುದುರೆಯಾಗಿದ್ದರೆ ಎಲ್ಲವೂ ತನ್ನದೇ. ಸತ್ತರೆ? ಆಗ ಪಾಲಿನ ಮಾತೇ ಇಲ್ಲ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದು ಹೆಸರಿಟ್ಟಿವೆ. ಮಗನ ಗಳಿಕೆ ತಕರಾರಿಲ್ಲದೆ ಮನೆಗೆ ಸಂದದ್ದು ಆ ಒಂದು ಬಗೆಯಲ್ಲಿ!

ಸೈನಿಕನಿಗೆ ಮೊದಲು ಬಿಡುಗಡೆ ಕೊಟ್ಟದ್ದು ನಾವಷ್ಟೇ ಅಲ್ಲ. ಪ್ರಾಚೀನ ರೋಮಿನಲ್ಲಿ ತಂದೆಯ ಅಧಿಕಾರ ನಮ್ಮಲ್ಲಿಗಿಂತ ಬಿಗಿಯಾಗಿತ್ತು. ತಂದೆ ಬದುಕಿರುವವರೆಗೆ ಮಗ ಗಳಿಸಿದ್ದೆಲ್ಲ ತಂದೆಯದೇ. ಆ ಕೋಟೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ. ದಂಡಿನಲ್ಲಿ ಗಳಿಸಿದ್ದನ್ನು ಮಗ ತನ್ನದೆಂದು ಇಟ್ಟುಕೊಳ್ಳಬಹುದು, ಬೇಕಾದವರಿಗೆ ಮೃತ್ಯುಪತ್ರ ಬರೆದುಕೊಡಬಹುದು ಎಂದಾಯಿತು. ಪ್ರಾಣವನ್ನೇ ಒತ್ತೆಯಿಟ್ಟು ತಂದ ಹಣದ ಮೇಲೆ ಮನೆಯಲ್ಲಿ ಕುಳಿತವರು ಕೈಯಿಡಲು ಎರಡೂ ನಾಡಿನವರು ನಾಚಿದರೆಂದು ತೋರುತ್ತದೆ.

ವಿದ್ಯೆಯ ವಿಷಯದಲ್ಲಿ ಕಾತ್ಯಾಯನನ ಮಾತೊಂದು ಬಹಳ ಸ್ವಾರಸ್ಯವಾದದ್ದು. ಪರರ ಅನ್ನ ಉಂಡು, ಪರರಿಂದ ಕಲಿತ ವಿದ್ಯೆಯ ಗಳಿಕೆಯೇ ನಿಜವಾದ ವಿದ್ಯಾಧನ. ಅದರಲ್ಲಿ ಮನೆಯವರಿಗೆ ಪಾಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ವಾರದ ಊಟದ ಹುಡುಗರ ನೆನಪಾಗುತ್ತದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು, ಯಾರದೋ ಪಡಸಾಲೆಯಲ್ಲಿ ಮಲಗಿ, ಬೀದಿಯ ದೀಪದಲ್ಲಿ ಓದಿ ದೊಡ್ಡವರಾದವರೆಷ್ಟೋ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದವರು ಇನ್ನೆಷ್ಟೋ. ಕಾತ್ಯಾಯನನ ಲೆಕ್ಕದಲ್ಲಿ ಅವರ ಪಗಾರದ ಪೈ ಪೈಯೂ ಅವರದೇ. ಮನೆಯ ಅನ್ನ ಉಂಡು ಓದಿದವನದು ಮಾತ್ರ ಹಂಚಬೇಕು. ನಿಜವಾಗಿ ನಡೆದದ್ದು ತಿರುಗುಮುರುಗು. ವಾರದ ಊಟ ಮಾಡಿ ಓದಿದ ಹುಡುಗರೇ ಮೊದಲ ಪಗಾರವನ್ನು ತಾಯಿಗೆ ಕಳಿಸಿಕೊಟ್ಟವರು! ಕಾಯಿದೆ ಹೇಳುವುದು ಒಂದು, ಮನುಷ್ಯನ ಹೃದಯ ನಡೆಯುವುದು ಇನ್ನೊಂದು.

ಇಂಗ್ಲಿಷರು ಬಂದರು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ಅಲ್ಲಿಂದ ವಿಜ್ಞಾನೇಶ್ವರನ ವಾಕ್ಯಗಳು ಪಂಡಿತರ ಬಾಯಿಂದ ವಕೀಲರ ಬಾಯಿಗೆ ಹೋದವು. ಆಗ ನಮ್ಮ ಈ ಸಣ್ಣ ಭಾಗದಲ್ಲಿಯೇ ಎಷ್ಟು ಸರಕಾರಗಳು! ಗದಗ, ಮುಂಡರಗಿ, ಸೊರಟೂರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗ್ಲಿಯ ಪಟವರ್ಧನರದು. ಲಕ್ಷ್ಮೇಶ್ವರ ಮಿರಜಿನ ಪಟವರ್ಧನರದು. ಮೂಡಣಕ್ಕೆ ಹೋದರೆ ನಿಜಾಮರ ಸೀಮೆ. ಕಂದಾಯ ಕೊಡುವ ಕಚೇರಿ ಬೇರೆ ಬೇರೆಯಾದರೂ ಹಿಂದೂ ತಂದೆಮಕ್ಕಳ ಆಸ್ತಿಯ ಜಗಳಕ್ಕೆ ಎಲ್ಲ ಕಡೆಗೂ ಆಧಾರ ಮಾತ್ರ ಮಿತಾಕ್ಷರಾ ಒಂದೇ.

ಹೊಸ ಕಾಲದಲ್ಲಿ ಹೊಸ ಗಳಿಕೆಗಳು ಹುಟ್ಟಿದವು. ವಕೀಲಿಕೆ, ಕಾರಕೂನಿಕೆ, ಡಾಕ್ಟರಿಕೆ, ಮಾಸ್ತರಿಕೆ. ಎಲ್ಲಕ್ಕೂ ಶಾಲೆಯ ಫೀಜು ಬೇಕು. ಫೀಜು ಕೊಟ್ಟ ಮನೆ ಪಾಲು ಕೇಳಿತು. ಮದರಾಸ ಹೈಕೋರ್ಟಿನ ಮುಂದೆ 1864ರಲ್ಲಿಯೇ ಇಂಥ ವ್ಯಾಜ್ಯ ಬಂದಿತ್ತು. ಅದು ಬಂದದ್ದು ಪಂಡಿತರ ಮನೆಯಿಂದಲ್ಲ, ನರ್ತಕಿಯರ ಮನೆತನವೊಂದರಿಂದ. ಮನೆಯ ಖರ್ಚಿನಲ್ಲಿ, ಮನೆಯ ಅನ್ನ ಉಂಡು ಕಲಿತ ವಿದ್ಯೆಯ ಗಳಿಕೆ ಹಂಚಿಕೆಗೆ ಒಳಪಟ್ಟದ್ದೆಂದು ಕೋರ್ಟು ಹೇಳಿತು. ಕುಣಿಯಲು ಕಲಿಸಿದ ಮನೆ ಕುಣಿತದ ಗಳಿಕೆಯನ್ನು ಕೇಳಿದಾಗ ಆಧಾರವಾದದ್ದು ವಿದ್ಯಾಧನದ ಸೂತ್ರ! ಎಳೆಯ ವಯಸ್ಸಿನಲ್ಲಿ ಆ ಕಸುಬಿಗೆ ಇಳಿಸಲ್ಪಟ್ಟವಳ ಇಷ್ಟಾನಿಷ್ಟಗಳ ಪ್ರಶ್ನೆ ಈ ಸೂತ್ರದೊಳಗೆ ಹಿಡಿಸುವಂಥದಲ್ಲ.

ಮುಂಬಯಿ ಹೈಕೋರ್ಟು 1882ರಲ್ಲಿ ಸ್ವಲ್ಪ ಉದಾರವಾಯಿತು. ಸಬ್‌ಜಡ್ಜರೊಬ್ಬರ ಉಳಿತಾಯದ ವ್ಯಾಜ್ಯದಲ್ಲಿ, ಮನೆಯವರು ಕೊಡಿಸಿದ್ದು ಬರಿಯ ಓದುಬರಹವಾದರೆ ಅದರಿಂದ ಮುಂದಿನ ಗಳಿಕೆಯೆಲ್ಲ ಮನೆಯದಾಗುವುದಿಲ್ಲ. ವಿಶೇಷ ವಿದ್ಯೆ ಕೊಡಿಸಿದ್ದರೆ ಮಾತ್ರ ಆ ಪ್ರಶ್ನೆ ಎಂದು ಭೇದ ಮಾಡಿತು. ಆದರೆ ಸಾಮಾನ್ಯ ವಿದ್ಯೆ ಎಲ್ಲಿ ಮುಗಿಯುತ್ತದೆ, ವಿಶೇಷ ವಿದ್ಯೆ ಎಲ್ಲಿ ತೊಡಗುತ್ತದೆ? ಮುಲ್ಕೀ ಪರೀಕ್ಷೆ ಸಾಮಾನ್ಯವೇ? ಮ್ಯಾಟ್ರಿಕ್ ವಿಶೇಷವೇ? ವಕೀಲರಿಗೆ ಒಳ್ಳೆಯ ಸುಗ್ಗಿಯಾಯಿತು. ಕೊನೆಗೆ 1921ರಲ್ಲಿ ಗೋಕುಲಚಂದ ಎಂಬವರ ಮೊಕದ್ದಮೆ ಪ್ರಿವಿ ಕೌನ್ಸಿಲಿಗೆ ಹೋಯಿತು. ಮನೆಯ ಹಣದಿಂದ ಓದಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದವನ ಗಳಿಕೆಯೂ ಅವಿಭಕ್ತ ಕುಟುಂಬದ ಆಸ್ತಿಯೆಂದು ಅಲ್ಲಿ ನಿರ್ಣಯವಾಯಿತು. ಜಿಲ್ಲೆಯನ್ನೇ ಆಳಬಲ್ಲ ಅಧಿಕಾರಿಗೆ ತನ್ನ ಪಗಾರದ ಮೇಲೆ ಪೂರ್ಣ ಒಡೆತನವಿಲ್ಲ!

ಸುಶಿಕ್ಷಿತರಲ್ಲಿ ಕಳವಳ ಹುಟ್ಟಿತು. ಮದರಾಸಿನ ವಿ. ಭಾಷ್ಯಂ ಅಯ್ಯಂಗಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಇದನ್ನು ಸರಿಪಡಿಸುವ ಮಸೂದೆ ತಂದಿದ್ದರು. ಗವರ್ನರರ ಸಮ್ಮತಿ ದೊರೆಯದೆ ಅದು ಬಿದ್ದುಹೋಗಿತ್ತು. ಅವಿಭಕ್ತ ಕುಟುಂಬ ಒಡೆದುಹೋಗುತ್ತದೆ, ಓದಿದವರು ಓದದ ತಮ್ಮಂದಿರನ್ನು ಕೈಬಿಡುತ್ತಾರೆ ಎಂಬ ಭಯ ಅನೇಕರಿಗಿತ್ತು. ಆ ಭಯ ಪೂರ ಸುಳ್ಳೂ ಅಲ್ಲ. ಒಬ್ಬನನ್ನು ಧಾರವಾಡಕ್ಕೋ ಪುಣೆಗೋ ಓದಲು ಕಳಿಸಿ, ಉಳಿದ ನಾಲ್ವರು ಹೊಲದಲ್ಲಿ ಬೆವರು ಸುರಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇ? ಆ ನಾಲ್ವರ ಹಕ್ಕೇನು? ಕೊನೆಗೆ ಬ್ಯಾರಿಸ್ಟರ ಮುಕುಂದರಾವ್ ಜಯಕರರ ಪ್ರಯತ್ನದಿಂದ 1930ರಲ್ಲಿ ಹಿಂದೂ ವಿದ್ಯಾಧನ ಕಾಯಿದೆ ಬಂದಿತು. ಪ್ರಾಥಮಿಕವಾಗಲಿ, ತಾಂತ್ರಿಕವಾಗಲಿ, ಯಾವುದೇ ಕಸುಬಿನ ತರಬೇತಿಯಾಗಲಿ, ಅದನ್ನು ಮನೆಯ ಹಣದಿಂದಲೇ ಕಲಿತಿರಲಿ, ಕಲಿಯುವಾಗ ಮನೆಯ ಅನ್ನವನ್ನೇ ಉಂಡಿರಲಿ, ಅಷ್ಟರಿಂದಲೇ ಅದರ ಗಳಿಕೆ ಮನೆಯದಾಗುವುದಿಲ್ಲ. ಅದು ಗಳಿಸಿದವನ ಸ್ವಂತದ್ದು. ಕಟ್ಟೆಯ ಮೇಲಿನ ಮುದುಕರ ಕೂಳಿನ ಲೆಕ್ಕಕ್ಕೆ ಕಾಯಿದೆ ಗೆರೆ ಎಳೆದದ್ದು ಆ ವರ್ಷ. ವಿಜ್ಞಾನೇಶ್ವರನ ಒಂದು ವಾಕ್ಯವನ್ನು ಅಳಿಸಲು ಎಂಟುನೂರು ವರ್ಷ ಬೇಕಾಯಿತು.

ಇದು ಓದಿದವರ ಕಥೆ. ಓದದ ಬಡವರ ಮಕ್ಕಳದು ಬೇರೆ. ಅಲ್ಲಿ ತಂದೆ ಮಗನ ಗಳಿಕೆಗಾಗಿ ಕಾದು ಕೂಡ್ರುವುದಿಲ್ಲ. ಗಳಿಸುವ ಮೊದಲೇ ಅದನ್ನು ಮಾರಿರುತ್ತಾನೆ. ಗೌಡರಿಂದಲೋ ಸಾವಕಾರರಿಂದಲೋ ಸಾಲ ತಂದು, ಅದಕ್ಕೆ ಹುಡುಗನನ್ನು ದನ ಕಾಯಲು ಬಿಡುವ ಜೀತವನ್ನು ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ವ್ಹಿಟ್ಲಿ ಎಂಬವರ ಅಧ್ಯಕ್ಷತೆಯ ಕಾರ್ಮಿಕ ಆಯೋಗ 1931ರ ತನ್ನ ವರದಿಯಲ್ಲಿ ಇದೇ ಪದ್ಧತಿಯನ್ನು ಪೇಟೆಗಳಲ್ಲಿಯೂ ಕಂಡುದಾಗಿ ಹೇಳಿತು. ಅಮೃತಸರದಲ್ಲಿ ರತ್ನಗಂಬಳಿ ನೇಯುವ, ಮದರಾಸಿನಲ್ಲಿ ಬೀಡಿ ಕಟ್ಟುವ ಮಕ್ಕಳ ದುಡಿಮೆಯನ್ನು ತಂದೆತಾಯಿಗಳು ಮುಂಗಡ ಹಣಕ್ಕೆ ಒತ್ತೆಯಿಡುತ್ತಿದ್ದರು. ಅದರ ಫಲವಾಗಿ 1933ರಲ್ಲಿ ಬಂದ ಕಾಯಿದೆ ಹದಿನೈದರೊಳಗಿನ ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರು ಶೂನ್ಯವೆಂದಿತು. ಒತ್ತೆಯಿಟ್ಟ ತಂದೆತಾಯಿಗೆ 50 ರೂಪಾಯಿಯವರೆಗೆ ದಂಡ, ಒತ್ತೆ ಹಿಡಿದವನಿಗೆ 200 ರೂಪಾಯಿಯವರೆಗೆ. ಒತ್ತೆಯಿಡುವವನ ಬಡತನವನ್ನೂ ಹಿಡಿಯುವವನ ಬಲವನ್ನೂ ತೂಗಿ ನೋಡಿಯೇ ಈ ಅಂತರವನ್ನು ಇಟ್ಟಿರಬೇಕು. ಜೀತಪದ್ಧತಿಯನ್ನೇ ಪೂರ ಕಿತ್ತೊಗೆಯುವ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು.

ರಂಗಭೂಮಿಯ ಮಾತನ್ನೂ ಇಲ್ಲಿ ಹೇಳಬೇಕು. ಗದಗು ಕಂಪನಿ ನಾಟಕಗಳ ತವರು. ಹೆಣ್ಣಿನ ಪಾತ್ರಕ್ಕೆ ಇನಿದನಿಯ ಎಳೆಯ ಹುಡುಗರೇ ಬೇಕಾಗಿದ್ದ ದಿನಗಳಲ್ಲಿ ಎಷ್ಟೋ ಹುಡುಗರು ಮೀಸೆ ಮೂಡುವ ಮೊದಲೇ ಗಳಿಸತೊಡಗಿದರು. ಆಮೇಲೆ ಸಿನಿಮಾ ಬಂದಿತು. ಅಪ್ರಾಪ್ತ ವಯಸ್ಸಿನ ಕಲಾವಿದರ ಕರಾರು ಕಾಯಿದೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆ ಬಂದು 1949ರ ವರದಿಗಳಲ್ಲಿ ಅಚ್ಚಾಗಿದೆ. ಸೊರಟೂರಿಗೂ ಆಗ ಅದೇ ಹೈಕೋರ್ಟು. ರಾಜರಾಣಿ ಎಂಬ ಅಪ್ರಾಪ್ತ ವಯಸ್ಸಿನ ನಟಿಯ ಪರವಾಗಿ ಅವಳ ತಂದೆ, ನಟ ಪ್ರೇಮ್ ಅದೀಬರೊಡನೆ ಕರಾರು ಮಾಡಿಕೊಂಡಿದ್ದರು. ಪಾತ್ರ ಮತ್ತೊಬ್ಬಳಿಗೆ ಹೋಯಿತು. ಹುಡುಗಿಯ ಪರವಾಗಿ ದಾವೆ ಹೂಡಲಾಯಿತು. ಕೋರ್ಟು ಹೇಳಿದ್ದು ವಿಚಿತ್ರವಾದರೂ ತರ್ಕಬದ್ಧ. ಕರಾರು ಹುಡುಗಿಯದಾದರೆ, ಅವಳು ಅಪ್ರಾಪ್ತಳು, ಕರಾರೇ ಇಲ್ಲ. ತಂದೆಯದಾದರೆ, ದುಡಿಯಬೇಕಾದವಳು ಮಗಳು. ಅವಳ ದುಡಿಮೆಯನ್ನು ತನ್ನದೆಂಬಂತೆ ಪ್ರತಿಫಲವಾಗಿ ಕೊಡಲು ತಂದೆಗೆ ಬಾರದು. ಆದುದರಿಂದ ಅದೂ ನಿಲ್ಲದು. ಪಾಪ, ಹುಡುಗಿಗೆ ಪಾತ್ರವೂ ಇಲ್ಲ, ಪರಿಹಾರವೂ ಇಲ್ಲ. ಆದರೂ ಅದರಲ್ಲೊಂದು ದೊಡ್ಡ ತತ್ವ ಅಡಗಿದೆ: ಮಗಳ ದುಡಿಮೆ ತಂದೆಯ ಕಿಸೆಯಲ್ಲಿರುವ ನಾಣ್ಯವಲ್ಲ.

ಅಮೇರಿಕೆಯಲ್ಲಿ ಇದೇ ಪ್ರಶ್ನೆ ದೊಡ್ಡ ಗಲಾಟೆಯನ್ನೇ ಎಬ್ಬಿಸಿತ್ತು. ಚಾಪ್ಲಿನ್ನನ 1921ರ ಚಿತ್ರದಲ್ಲಿ ಅನಾಥ ಬಾಲಕನಾಗಿ ಜಗತ್ತನ್ನೇ ಅಳಿಸಿದ ಜ್ಯಾಕೀ ಕೂಗನ್ ಲಕ್ಷಾಂತರ ಡಾಲರು ಗಳಿಸಿದ. ಪ್ರಾಪ್ತ ವಯಸ್ಕನಾದ ಮೇಲೆ ಹಣ ಕೇಳಿದರೆ ತಾಯಿಯೂ ಮಲತಂದೆಯೂ ಅದು ತಮ್ಮದೆಂದರು. ಅಲ್ಲಿಯ ಹಳೆಯ ಕಾಯಿದೆಯೂ ಅವರ ಕಡೆಗೇ ಇತ್ತು. ಮಗ 1938ರಲ್ಲಿ ತಾಯಿಯ ಮೇಲೆ ದಾವೆ ಹೂಡಿದ. ಕೈಗೆ ಹತ್ತಿದ್ದು ಸುಮಾರು 1,26,000 ಡಾಲರು ಮಾತ್ರ. ಜನರ ಆಕ್ರೋಶದಿಂದ ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ ಬಾಲನಟರ ಗಳಿಕೆಯ ಒಂದು ಭಾಗವನ್ನು ಕಾದಿಡುವ ಕಾಯಿದೆ ಬಂದಿತು. ಇದಕ್ಕೆ ಬಹಳ ಮೊದಲೇ, 1804ರ ಫ್ರೆಂಚ್ ಸಂಹಿತೆ ಮಕ್ಕಳ ಆಸ್ತಿಯ ಆದಾಯವನ್ನು ತಂದೆತಾಯಿ ಅನುಭವಿಸಬಹುದೆಂದೂ, ಮಕ್ಕಳು ಸ್ವಂತ ದುಡಿಮೆಯಿಂದ ಗಳಿಸಿದ್ದಕ್ಕೆ ಅದು ಸಲ್ಲದೆಂದೂ ಹೇಳಿತ್ತು.

ಈಗ ನಮ್ಮ ನಾಡಿನ ಕಾಯಿದೆ ಎಲ್ಲಿ ನಿಂತಿದೆ? 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯಿದೆಯ ಮೇರೆಗೆ ಹದಿನೆಂಟರೊಳಗಿನವರಿಗೂ ಅವರ ಸ್ವಂತ ಆಸ್ತಿಗೂ ತಂದೆ, ಅವನ ಬಳಿಕ ತಾಯಿ ಸಹಜ ಪಾಲಕರು. ‘ಅವನ ಬಳಿಕ’ ಎಂದರೆ ಅವನು ಸತ್ತ ಬಳಿಕವೇ ಎಂದಾಗಬೇಕಿಲ್ಲವೆಂದು ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಾಲಕನು ಏನು ಮಾಡಿದರೂ ಅದು ಮಗುವಿನ ಹಿತಕ್ಕೆ ಅವಶ್ಯವಾಗಿರಬೇಕು. ಪಾಲಕತ್ವವೆಂಬುದು ನಂಬಿ ಒಪ್ಪಿಸಿದ ಸ್ಥಾನ, ಅದರಿಂದ ತಾನು ಲಾಭ ಮಾಡಿಕೊಳ್ಳಬಾರದು ಎಂಬುದು 1890ರ ಪಾಲಕರ ಕಾಯಿದೆಯಿಂದಲೂ ಬಂದ ಮಾತು. ಮಕ್ಕಳನ್ನು ಸಾಕುವುದೋ, ತಂದೆತಾಯಿಯ ಕರ್ತವ್ಯ. ಅದು ಸಾಲವಲ್ಲ. ಮುಪ್ಪಿನಲ್ಲಿ ಕೈಲಾಗದ ತಂದೆತಾಯಿಯನ್ನು ಸಾಕುವುದು ಮಕ್ಕಳ ಕರ್ತವ್ಯವೆಂದೂ 1956ರ ಇನ್ನೊಂದು ಕಾಯಿದೆ ಹೇಳುತ್ತದೆ. 2007ರ ಕಾಯಿದೆ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ. ಎಂದರೆ ಋಣವೆಂಬುದು ಇಲ್ಲವೆಂದಲ್ಲ. ತೀರಿಸುವ ಕಾಲ ಹದಿನಾರನೆಯ ವಯಸ್ಸಲ್ಲ.

ಆದಾಯಕರದವರೂ ಈ ಭೇದವನ್ನು ಬಲ್ಲರು. ಅಪ್ರಾಪ್ತ ಮಕ್ಕಳ ಆದಾಯವನ್ನು ತಂದೆತಾಯಿಯ ಆದಾಯಕ್ಕೆ ಕೂಡಿಸುವ ನಿಯಮವನ್ನು 1992ರಲ್ಲಿ ತಂದಾಗ, ಮಗು ಮೈಮುರಿದು ದುಡಿದು ಅಥವಾ ತನ್ನ ಕೌಶಲ, ಪ್ರತಿಭೆಗಳಿಂದ ಗಳಿಸಿದ್ದನ್ನು ಹೊರಗಿಟ್ಟರು. 2015ರ ಬಾಲನ್ಯಾಯ ಕಾಯಿದೆ ಇನ್ನೂ ಕಠಿಣ. ಹದಿನೆಂಟರೊಳಗಿನವರನ್ನು ಕೆಲಸಕ್ಕಿಟ್ಟುಕೊಂಡು ಅವರ ಗಳಿಕೆಯನ್ನು ತಡೆಹಿಡಿಯುವವನಿಗೆ, ಅಥವಾ ತನ್ನ ಕೆಲಸಕ್ಕೆ ಬಳಸಿಕೊಳ್ಳುವವನಿಗೆ ಐದು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ. ಬಾಲನಟರ ವಿಷಯದಲ್ಲಿ 2017ರ ನಿಯಮಗಳು, ಗಳಿಕೆಯ ಕನಿಷ್ಠ 20 ಪ್ರತಿಶತವನ್ನು ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿಯಿಡಬೇಕೆಂದು ವಿಧಿಸಿದವು. ಆದರೆ ಅದು ಹದಿನಾಲ್ಕರೊಳಗಿನ ಕಲಾವಿದರಿಗೆ. ಜವಳಿ ಅಂಗಡಿಯಲ್ಲಿ ಸೀರೆ ಮಡಚುವ ಹದಿನಾರರ ಹುಡುಗನಿಗೆ ಅಂಥ ಠೇವಣಿಯಿಲ್ಲ. ಅವನ ಹಣ ಅವನದೇ. ಆದರೆ ಅದನ್ನು ಕಾದಿಡುವವರಾರೂ ಇಲ್ಲ. ಕಾಯಿದೆಯಲ್ಲಿ ನನಗೆ ಕಾಣುವ ದೊಡ್ಡ ತೂತು ಇದೇ. ಒಡೆಯ ಯಾರೆಂದು ಹೇಳಿ ಅದು ಸುಮ್ಮನಾಗುತ್ತದೆ. ಹದಿನೆಂಟು ತುಂಬಿದ ಮೇಲೆ ಹುಡುಗ ತಂದೆಯಿಂದ ಲೆಕ್ಕ ಕೇಳಬಹುದಾದರೂ ಯಾವ ಮಗ ತಂದೆಯನ್ನು ಕೋರ್ಟಿಗೆ ಎಳೆದಾನು?

ಇಷ್ಟನ್ನೆಲ್ಲ ನಾನು ಕಟ್ಟೆಯ ಮೇಲೆ ಹೇಳಲಿಲ್ಲ. ಹೇಳಿದರೆ ಯಾರು ಕೇಳುತ್ತಿದ್ದರು? ತಂದೆಯನ್ನು ಒಂದೇ ಮಾತು ಕೇಳಿದೆ.

“ನಿಮ್ಮ ಹೊಲದ ಉತಾರ ನೋಡೀರೇನು? ಸಣ್ಣ ಹುಡುಗರ ಹೆಸರಿಗೆ ಹೊಲ ಇದ್ದರೆ ಪಾಲಕರ ಹೆಸರಿನ ಹಿಂದೆ ಏನು ಬರೆದಿರುತ್ತಾರೆ?”

“ಅಪಾಕ ಅಂತ ಬರದಿರತಾರ್ರೀ,” ಎಂದ. ಅಜ್ಞಾನ ಪಾಲನಕರ್ತ ಎಂಬುದರ ಮೊದಲಕ್ಷರಗಳು ಅವು. ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಆ ಹೊಲ ಯಾರದು?”

“ಹುಡುಗಂದರೀ. ನೋಡಿಕೊಳ್ಳಾಂವ ಪಾಲಕ.”

“ಪಗಾರವೂ ಹಾಗೆಯೇ. ಹುಡುಗನದು, ನೀವು ಅಪಾಕ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವನೇನು ಕೆಟ್ಟ ತಂದೆಯಲ್ಲ. ಮಗಳ ಮದುವೆಗೆ ಮಾಡಿದ ಸಾಲ ಮಗನ ಹಿತದ ಖರ್ಚೆಂದು ಯಾವ ನ್ಯಾಯಾಧೀಶರಿಗೂ ತೋರಿಸುವುದು ಕಷ್ಟ. ಆದರೆ ಆ ಸಾಲದ ಬಡ್ಡಿ ಆ ಮನೆಯ ಗಂಜಿಯಲ್ಲಿಯೇ ಕಡಿತವಾಗುತ್ತಿತ್ತು. ಅದನ್ನು ಹುಡುಗನೂ ಉಣ್ಣುತ್ತಿದ್ದ. ಮನೆಯೊಳಗಿನ ಹಣ ಹೊಳೆಯ ನೀರಿನಂತೆ. ಇದು ನನ್ನ ಬೊಗಸೆ, ಅದು ನಿನ್ನ ಬೊಗಸೆ ಎಂದು ಗುರುತಿಸುವುದು ಸುಲಭವಲ್ಲ. ಹಾಗೆಂದು ಗುರುತಿಸದೆಯೇ ಬಿಟ್ಟರೆ ಸಣ್ಣವನ ಬೊಗಸೆ ಯಾವಾಗಲೂ ಖಾಲಿ.

ಕೊನೆಗೆ ತಂದೆ ಕೇಳಿದ: “ಹಂಗಾದ್ರ ಇಷ್ಟು ದಿನದ್ದು ಅಂವ ನನಗ ಸಾಲಾ ಕೊಟ್ಟಾಂಗಾತಲ್ಲರೀ?”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯದ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಹೇಳಿತ್ತು. 2025ರಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಅದನ್ನು ಮಾತ್ರ ಹುಡುಗನಿಗೆ ತಿಳಿಸಿದೆ. ಪಗಾರ ಆ ಖಾತೆಗೆ ಬರಲಿ. ಮನೆಗೆ ಇಷ್ಟು, ಐ.ಟಿ.ಐ.ಗೆ ಇಷ್ಟು ಎಂದು ಅಪ್ಪನೂ ಮಗನೂ ಕುಳಿತು ಮಾತಾಡಿಕೊಳ್ಳಲಿ. ಕೊಟ್ಟದ್ದಕ್ಕೆ ಕೊಟ್ಟೆನೆಂಬ ಗೌರವವಾದರೂ ಹುಡುಗನಿಗೆ ಉಳಿಯಲಿ. ಕಸಿದುಕೊಂಡ ಹಣದಿಂದ ಸಾಲ ತೀರುತ್ತದೆ. ಕೊಟ್ಟ ಹಣದಿಂದ ಸಾಲವೂ ತೀರುತ್ತದೆ, ಮಗನೂ ಉಳಿಯುತ್ತಾನೆ.

ಬಸ್ಸು ಬಂದಿತು. ಹತ್ತುವಾಗ ತಿರುಗಿ ನೋಡಿದೆ. ಮುದುಕರು ತಲೆಯಲ್ಲಾಡಿಸುತ್ತ ಏನೋ ಹೇಳುತ್ತಿದ್ದರು. ಕೂಳಿನ ಲೆಕ್ಕವೇ ಇದ್ದೀತು. ತಂದೆಯೂ ಮಗನೂ ಮಾತ್ರ ಕಟ್ಟೆಯ ಒಂದೇ ಬದಿಗೆ ಬಂದು ಕುಳಿತಿದ್ದರು.